ಅಚೌರ್ಯವ್ರತವೂ ಗ್ರಂಥಋಣವೂ

ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಮಕ್ಕಳಿಗೆ ತಿಳಿಸಿಕೊಡುವಾಗ ನಾವು ಸಾಮಾನ್ಯವಾಗಿ ಹಣ, ಒಡವೆ, ಹೊಲದ ಗಡಿ, ಅಂಗಡಿಯ ತಕ್ಕಡಿ ಮುಂತಾದವುಗಳ ದೃಷ್ಟಾಂತಗಳನ್ನು ಕೊಡುತ್ತೇವೆ. ವ್ಯಾಪಾರ ವ್ಯವಹಾರಗಳಲ್ಲಿ ತೊಡಗಿರುವ ಸಮಾಜಕ್ಕೆ ತಕ್ಕಡಿಯ ನೆನಪು ಮೊದಲು ಬರುವುದು ಸಹಜವೇ ಆಗಿದೆ. ಆದರೆ ಇಂದು ನಮ್ಮ ಮನೆಗಳ ಅನೇಕ ಮಕ್ಕಳು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುತ್ತಿದ್ದಾರೆ, ಪ್ರಬಂಧಗಳನ್ನು ಬರೆಯುತ್ತಿದ್ದಾರೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಪಂಚಕಲ್ಯಾಣ, ಜೀರ್ಣೋದ್ಧಾರ, ಮಹಾಮಸ್ತಕಾಭಿಷೇಕಗಳ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಳನ್ನು ಹೊರತರುತ್ತಿವೆ. ಅಕ್ಷರದ ವ್ಯವಹಾರವೂ ವ್ಯವಹಾರವೇ. ಅಲ್ಲಿಯೂ ಕೊಡುವುದುಂಟು, ಪಡೆಯುವುದುಂಟು. ಪಡೆದದ್ದನ್ನು ಪಡೆದೆನೆಂದು ಹೇಳದೆ ತನ್ನದೆಂದು ತೋರಿಸುವುದೂ ಉಂಟು. ಇದಕ್ಕೆ ಕನ್ನಡದಲ್ಲಿ ಕೃತಿಚೌರ್ಯವೆಂಬ ಹೆಸರು ರೂಢಿಯಲ್ಲಿದೆ. ಹೆಸರಿನಲ್ಲಿಯೇ ಚೌರ್ಯವಿದ್ದರೂ ನಾವು ಅದನ್ನು ವ್ರತಭಂಗವೆಂದು ಎಣಿಸುವುದು ಕಡಮೆ. ಈ ವಿಷಯವನ್ನು ನಮ್ಮ ಪರಂಪರೆಯ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಇನ್ನೂ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಒಂದು ಊರಿನ ಬಸದಿಯ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕಾಗಿ ಬಂತು. ಸಮಯ ಕಡಮೆಯಿತ್ತು. ಹಳೆಯ ಸಂಚಿಕೆಯೊಂದರಲ್ಲಿ ಹಿರಿಯರೊಬ್ಬರು ಬರೆದಿದ್ದ ಲೇಖನ ಕೈಗೆ ಸಿಕ್ಕಿತು. ವಾಕ್ಯಗಳನ್ನು ಅಷ್ಟಿಷ್ಟು ಬದಲಿಸಿ, ಹಿಂದಿನದನ್ನು ಮುಂದೆ ಮಾಡಿ, ನನ್ನ ಹೆಸರಿನಲ್ಲಿ ಕಳುಹಿಸಿದೆ. ಸಂಚಿಕೆ ಬಿಡುಗಡೆಯಾದ ಕೆಲವು ದಿನಗಳ ಮೇಲೆ ವೃದ್ಧ ಪಂಡಿತರೊಬ್ಬರು ನನ್ನನ್ನು ಹತ್ತಿರಕ್ಕೆ ಕರೆದು, ಶಾಸನದ ಶಕವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸುವಾಗ ಎಷ್ಟನ್ನು ಕೂಡಿಸಬೇಕೆಂದು ಕೇಳಿದರು. ಎಪ್ಪತ್ತೆಂಟೆಂದು ಹೇಳಿದೆ. “ಹಾಗಾದರೆ ನಿನ್ನ ಲೇಖನದಲ್ಲಿ ಎಂಬತ್ತೇಳು ಏಕೆ ಕೂಡಿದೆ?” ಎಂದರು. ನಾನು ಉತ್ತರ ಹೇಳಲಾರದೆ ನಿಂತೆ. ಅವರು ಸಿಟ್ಟಾಗಲಿಲ್ಲ. “ಈ ತಪ್ಪನ್ನು ನಾನು ಬಹಳ ಹಿಂದೆ ಅಚ್ಚಿನಲ್ಲಿ ನೋಡಿದ್ದೇನೆ. ಈ ತಪ್ಪು ನಿನ್ನದಲ್ಲ, ಆದ್ದರಿಂದ ಲೇಖನವೂ ನಿನ್ನದಲ್ಲ” ಎಂದಷ್ಟೇ ಹೇಳಿದರು. ಆ ಮಾತು ನನಗೆ ಅಣುವ್ರತದ ಉಪದೇಶಗಳೆಲ್ಲಕ್ಕಿಂತ ಆಳವಾಗಿ ನಾಟಿತು. ನಾನು ಕದ್ದದ್ದು ಒಬ್ಬ ಹಿರಿಯರ ಶ್ರಮವನ್ನು ಮಾತ್ರವಲ್ಲ. ಅವರ ಕೈತಪ್ಪನ್ನು ಸತ್ಯವೆಂದು ನೂರಾರು ಮನೆಗಳಿಗೆ ಹಂಚಿದ್ದೆ. ಆಕರವನ್ನು ಹೇಳಿದ್ದರೆ ಓದುಗರಾದರೂ ಮೂಲಕ್ಕೆ ಹೋಗಿ ನೋಡಬಹುದಾಗಿತ್ತು. ನಾನು ಆ ಬಾಗಿಲನ್ನೂ ಮುಚ್ಚಿದ್ದೆ.

ಬೀದಿ ಮತ್ತು ಮುಚ್ಚಿದ ಬಾಗಿಲು

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಚೌರ್ಯದ ಲಕ್ಷಣವನ್ನು ಹೇಳುವಾಗ, ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಬಹು ಸಂಕ್ಷೇಪವಾಗಿ ನಿರೂಪಿಸಿದ್ದಾರೆ. ಲಕ್ಷಣ ಸಂಕ್ಷಿಪ್ತವಾದಷ್ಟೂ ಪ್ರಶ್ನೆಗಳು ಹೆಚ್ಚು. ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು ಅಂತಹ ಒಂದು ಪ್ರಶ್ನೆಯನ್ನು ತಾವಾಗಿಯೇ ಎತ್ತಿಕೊಳ್ಳುತ್ತಾರೆ. ಮುನಿಯು ಗ್ರಾಮ ನಗರಗಳಲ್ಲಿ ಸಂಚರಿಸುವಾಗ ಬೀದಿಯನ್ನು, ಊರಬಾಗಿಲನ್ನು ಯಾರನ್ನೂ ಕೇಳದೆ ಬಳಸುತ್ತಾನಲ್ಲವೆ? ಅದೂ ಅದತ್ತವನ್ನು ತೆಗೆದುಕೊಂಡಂತೆ ಆಗಲಿಲ್ಲವೆ? ಆಚಾರ್ಯರ ಸಮಾಧಾನ ಹೀಗಿದೆ: ಬೀದಿಯು ಸರ್ವರಿಗೂ ಬಿಟ್ಟುಕೊಟ್ಟದ್ದು, ಅಲ್ಲಿ ನಡೆಯುವುದರಲ್ಲಿ ದೋಷವಿಲ್ಲ. ಆ ಕಾರಣದಿಂದಲೇ ಮುನಿಯು ಮುಚ್ಚಿದ ಬಾಗಿಲನ್ನು ದಾಟಿ ಒಳಗೆ ಹೋಗುವುದಿಲ್ಲ. ಅದು ಸರ್ವರಿಗೆ ಬಿಟ್ಟದ್ದಲ್ಲ.

ವಿದ್ಯೆಯ ವ್ಯವಹಾರದಲ್ಲಿ ಯಾವಾಗ ಆಕರವನ್ನು ಹೇಳಬೇಕು, ಯಾವಾಗ ಹೇಳಬೇಕಾಗಿಲ್ಲ ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತಮವಾದ ಅಳತೆಗೋಲನ್ನು ನಾನು ಕಂಡಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರು, ಬಾಹುಬಲಿಯ ಮಹಾಮೂರ್ತಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಿದೆ, ಪಂಪನು ಆದಿಪುರಾಣವನ್ನು ಬರೆದನು ಎಂಬ ಮಾತುಗಳು ಬೀದಿಯಿದ್ದಂತೆ. ಎಲ್ಲರೂ ನಡೆಯುವ ದಾರಿ. ಇವಕ್ಕೆ ಅಡಿಟಿಪ್ಪಣಿ ಬೇಕಾಗಿಲ್ಲ. ಆದರೆ ಒಬ್ಬ ವಿದ್ವಾಂಸನು ಸವೆದ ಶಾಸನವೊಂದನ್ನು ದಿನಗಟ್ಟಲೆ ನೋಡಿ ಓದಿದ ಪಾಠ, ಒಂದು ಪದಕ್ಕೆ ಆತ ಕಂಡುಕೊಂಡ ಅರ್ಥ, ಎರಡು ಗ್ರಂಥಗಳ ನಡುವೆ ಆತ ಗುರುತಿಸಿದ ಸಂಬಂಧ, ಆತನ ಅನುವಾದ, ಆತ ತೆಗೆದ ಛಾಯಾಚಿತ್ರ, ಆತನ ವಾಕ್ಯದ ವಿನ್ಯಾಸ ಇವೆಲ್ಲ ಮನೆಯೊಳಗಿನ ವಸ್ತುಗಳು. ಪುಸ್ತಕ ಪ್ರಕಟವಾದ ಮಾತ್ರಕ್ಕೆ ಅವು ಬೀದಿಯಾಗುವುದಿಲ್ಲ. ಗ್ರಂಥಕರ್ತನು ಓದುಗನನ್ನು ಒಳಗೆ ಕರೆದು ಕೂಡಿಸಿದ್ದಾನೆ, ನಿಜ; ಮನೆ ನನ್ನದೆಂದು ಹೇಳಿಕೊಳ್ಳುವ ಅನುಮತಿಯನ್ನು ಕೊಟ್ಟಿಲ್ಲ.

ಆಚಾರ್ಯರ ನಡೆ

ಕೆಲವರು ಕೇಳುವುದುಂಟು: “ಈ ಉಲ್ಲೇಖ, ಅಡಿಟಿಪ್ಪಣಿಗಳೆಲ್ಲ ಪಾಶ್ಚಾತ್ಯರಿಂದ ಬಂದ ಕಟ್ಟಳೆಗಳಲ್ಲವೆ? ನಮ್ಮ ಪ್ರಾಚೀನರು ಹೆಸರಿನ ಹಂಬಲವಿಲ್ಲದವರು. ಜ್ಞಾನ ಎಲ್ಲರ ಸೊತ್ತೆಂದು ತಿಳಿದವರು.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಡಿಟಿಪ್ಪಣಿಯ ರೂಪ ಹೊಸದು. ಅದರ ಧರ್ಮ ಹೊಸದಲ್ಲ. ನಮ್ಮ ಆಚಾರ್ಯರಿಗೆ ತಮ್ಮ ಹೆಸರಿನ ಹಂಬಲವಿರಲಿಲ್ಲ. ಆದರೆ ಪೂರ್ವಾಚಾರ್ಯರ ಹೆಸರನ್ನು ಮರೆಯಬಾರದೆಂಬ ಎಚ್ಚರ ಬಹಳವಾಗಿತ್ತು.

ಒಂಬತ್ತನೆಯ ಶತಮಾನದ ಆರಂಭದಲ್ಲಿ ರಚಿತವಾದ ಧವಲಾ ಟೀಕೆಯನ್ನೇ ನೋಡೋಣ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಈ ವ್ಯಾಖ್ಯಾನ 72 ಸಾವಿರ ಗ್ರಂಥಪ್ರಮಾಣದ್ದು. ಇಷ್ಟು ದೊಡ್ಡ ಕೃತಿಯಲ್ಲಿ ಹಿಂದಿನವರ ಗಾಹೆಗಳನ್ನೂ ಶ್ಲೋಕಗಳನ್ನೂ ತರುವಾಗ, ಇದು ಬೇರೆಡೆ ಹೇಳಿದ್ದು ಎಂಬ ಸೂಚನೆಯನ್ನು ಅವರು ಮತ್ತೆ ಮತ್ತೆ ಕೊಡುತ್ತಾರೆ. ಒಂದೇ ವಿಷಯದಲ್ಲಿ ಎರಡು ಉಪದೇಶಗಳು ಬಂದಿದ್ದರೆ ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿ ಎಂದು ಬೇರ್ಪಡಿಸಿ ಎರಡನ್ನೂ ದಾಖಲಿಸುತ್ತಾರೆ. ಸೂತ್ರಗಳ ನಡುವೆ ವಿರೋಧ ಕಂಡು, ನಿರ್ಣಯಿಸಲು ಆಧಾರ ಸಾಲದಿದ್ದಾಗ, ಕೇವಲಿ ಶ್ರುತಕೇವಲಿಗಳಿಲ್ಲದ ಕಾಲದಲ್ಲಿ ಒಂದನ್ನು ತಳ್ಳಿಹಾಕುವ ಅಧಿಕಾರ ತಮಗಿಲ್ಲವೆಂಬ ನಿಲುವನ್ನು ತಾಳುತ್ತಾರೆ. ಅಷ್ಟು ದೊಡ್ಡ ಸಿದ್ಧಾಂತಪಾರಂಗತರು ತಮ್ಮ ಅರಿವಿನ ಎಲ್ಲೆಯನ್ನು ಗ್ರಂಥದೊಳಗೇ ಬರೆದಿಟ್ಟರು.

ಕಸಾಯಪಾಹುಡಕ್ಕೆ ವೀರಸೇನರು ಆರಂಭಿಸಿದ ಜಯಧವಲಾ ಟೀಕೆ ಅವರ ಜೀವಿತಕಾಲದಲ್ಲಿ ಮುಗಿಯಲಿಲ್ಲ. 20 ಸಾವಿರ ಗ್ರಂಥಪ್ರಮಾಣದವರೆಗೆ ಅವರು ಬರೆದಿದ್ದರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40 ಸಾವಿರದಷ್ಟನ್ನು ರಚಿಸಿ ಶಕವರ್ಷ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಪೂರ್ಣಗೊಳಿಸಿದರು. ಮೂರರಲ್ಲಿ ಎರಡು ಪಾಲು ತಮ್ಮದೇ ಆಗಿದ್ದರೂ ಗುರುಗಳ ಪಾಲನ್ನು ಅವರು ಮುಚ್ಚಿಡಲಿಲ್ಲ. ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಗುರುವನ್ನು ಸ್ಮರಿಸಿ, ಅವರು ತೋರಿದ ದಾರಿಯಲ್ಲಿ ಉಳಿದುದನ್ನು ತಾವು ಮುಗಿಸಿದುದನ್ನು ತಿಳಿಸಿದರು. ಇದೇ ಜಿನಸೇನರು ಮುಂದೆ ಆದಿಪುರಾಣವನ್ನು ಕೈಗೆತ್ತಿಕೊಂಡು 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ಬರೆದು ಸ್ವರ್ಗಸ್ಥರಾದರು. ಉಳಿದದ್ದನ್ನೂ ಉತ್ತರಪುರಾಣವನ್ನೂ ರಚಿಸಿದವರು ಅವರ ಶಿಷ್ಯರಾದ ಗುಣಭದ್ರಾಚಾರ್ಯರು. ಗುರು ನಿಲ್ಲಿಸಿದ್ದು ಎಲ್ಲಿ, ಶಿಷ್ಯ ತೊಡಗಿದ್ದು ಎಲ್ಲಿ ಎಂಬುದು ಇಂದಿಗೂ ಶ್ಲೋಕದ ಲೆಕ್ಕದಲ್ಲಿ ನಮಗೆ ತಿಳಿದಿದೆ. ಕಬ್ಬಿನ ಬುಡದ ಭಾಗ ರಸಭರಿತವಾಗಿರುತ್ತದೆ, ತುದಿಯ ರುಚಿ ಹೇಗೋ ಹಾಗೆ ಎಂಬ ಭಾವದಲ್ಲಿ ಗುಣಭದ್ರರು ತಮ್ಮ ಪಾಲಿನ ಬಗ್ಗೆ ವಿನಯದಿಂದ ನುಡಿದರು. ಹನ್ನೊಂದು ಶತಮಾನಗಳ ಹಿಂದೆ, ಪರಿಶೀಲಿಸುವ ಯಾವ ಯಂತ್ರವೂ ಇಲ್ಲದ ಕಾಲದಲ್ಲಿ, ಮೂರು ಶ್ಲೋಕಗಳನ್ನೂ ಗುರುವಿನ ಲೆಕ್ಕಕ್ಕೇ ಬರೆದಿಟ್ಟ ನಿಷ್ಠೆಯಿದು.

ಹೀಗೆ ಎಲ್ಲೆಯನ್ನು ಗುರುತಿಸುವ ನಡೆ ಮುನಿಗಳಲ್ಲಿ ಮಾತ್ರವಲ್ಲ, ಶ್ರಾವಕರಲ್ಲಿಯೂ ಇತ್ತು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದ ಬಳಿ ನಿಂತು ನೋಡಿದವರಿಗೆ ಗೊತ್ತು. ಅಲ್ಲಿ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದು ಕೆತ್ತಲಾಗಿದೆ. ಅದೇ ಸ್ಥಳದಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ದಂಡನಾಯಕ ಗಂಗರಾಜನ ಹೆಸರೂ ಇದೆ. ವಿಷ್ಣುವರ್ಧನನ ಆಸ್ಥಾನದಲ್ಲಿ ಆತನ ಅಧಿಕಾರ ಸಾಮಾನ್ಯವಾದುದಲ್ಲ. ಆದರೆ ಆ ಬರಹ ಆತನಿಗೆ ಸಲ್ಲಿಸುವುದು ಸುತ್ತಾಲಯವನ್ನು ಮಾಡಿಸಿದ ಪುಣ್ಯವನ್ನಷ್ಟೇ. ಮೂರ್ತಿ ಇವನದು, ಸುತ್ತಾಲಯ ಅವನದು ಎಂದು ಕಲ್ಲಿನಲ್ಲಿ ಹಾಕಿದ ಈ ಎಲ್ಲೆ, ಬರೆಯುವವರೆಲ್ಲ ನೋಡಿ ಕಲಿಯಬೇಕಾದದ್ದು. ನಾವು ಬರೆಯುವುದರಲ್ಲಿ ಬಹುಪಾಲು ಸುತ್ತಾಲಯವೇ.

ಹೆಸರಿನಿಂದಲೇ ಉಳಿದವರು

ಆಕರವನ್ನು ಹೇಳುವುದರಿಂದ ಹಿಂದಿನವನಿಗೆ ಗೌರವ ಸಲ್ಲುತ್ತದೆ, ಅಷ್ಟೆ ಎಂದು ಭಾವಿಸಿದರೆ ಅದು ಅಪೂರ್ಣವಾದ ತಿಳಿವಳಿಕೆ. ಅದರಿಂದ ಶ್ರುತವೇ ಉಳಿಯುತ್ತದೆ. ಕವಿ ಪರಮೇಷ್ಠಿ ಅಥವಾ ಕವಿ ಪರಮೇಶ್ವರರೆಂಬ ಪ್ರಾಚೀನರೊಬ್ಬರು ವಾಗರ್ಥಸಂಗ್ರಹವೆಂಬ ಪುರಾಣವನ್ನು ರಚಿಸಿದ್ದರು. ಅದರ ಒಂದು ಪ್ರತಿಯೂ ಇಂದು ದೊರೆತಿಲ್ಲ. ಜಿನಸೇನರು ಆದಿಪುರಾಣದ ಆರಂಭದಲ್ಲಿ ಪೂರ್ವಕವಿಗಳನ್ನು ವಂದಿಸುವಾಗ ಅವರನ್ನು ಹೆಸರಿಸಿದರು. ಕ್ರಿ.ಶ. 978ರಲ್ಲಿ ತನ್ನ ಗದ್ಯಪುರಾಣವನ್ನು ಕನ್ನಡದಲ್ಲಿ ಬರೆದ ಚಾವುಂಡರಾಯನು, ಆ ಕಥೆ ತನಗೆ ಯಾವ ಯಾವ ಆಚಾರ್ಯರ ಮೂಲಕ ಬಂದಿತೆಂಬುದನ್ನು ಹೇಳುತ್ತಾ ಕೂಚಿಭಟ್ಟಾರಕ, ನಂದಿಮುನಿ, ಕವಿ ಪರಮೇಶ್ವರ, ಜಿನಸೇನ, ಗುಣಭದ್ರರನ್ನು ಸ್ಮರಿಸಿದನು. ಅಲ್ಲಲ್ಲಿ ಕವಿ ಪರಮೇಶ್ವರರ ಶ್ಲೋಕಗಳನ್ನು ಎತ್ತಿಕೊಟ್ಟನು. ಮೂಲಗ್ರಂಥ ನಷ್ಟವಾದರೂ ಆ ಆಚಾರ್ಯರ ಹೆಸರೂ ಕೆಲವು ಶ್ಲೋಕಗಳೂ ನಮಗೆ ಉಳಿದಿರುವುದು ಹೀಗೆ. ಹೆಸರನ್ನು ಮರೆಮಾಡಿ ಶ್ಲೋಕಗಳನ್ನು ಮಾತ್ರ ಬಳಸಿಕೊಂಡಿದ್ದರೆ ಅಂತಹ ಆಚಾರ್ಯರೊಬ್ಬರಿದ್ದರೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಕವಿರಾಜಮಾರ್ಗದ ಸಂಗತಿಯೂ ಹೀಗೆಯೇ. ಒಂಬತ್ತನೆಯ ಶತಮಾನದ ಆ ಕೃತಿಯು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ ಮೊದಲಾದ ಪದ್ಯಕಾರರನ್ನೂ ಹೆಸರಿಸದೆ ಹೋಗಿದ್ದರೆ ಕನ್ನಡ ಸಾಹಿತ್ಯದ ಆದಿಭಾಗ ಇನ್ನಷ್ಟು ಕತ್ತಲೆಯಲ್ಲಿರುತ್ತಿತ್ತು. ವಡ್ಡಾರಾಧನೆಯ ಕರ್ತೃ ಯಾರೆಂಬ ಚರ್ಚೆಯಲ್ಲಿ ವಿದ್ವಾಂಸರು ಹಿಡಿದ ಒಂದು ಮುಖ್ಯ ಎಳೆ, ರಾಮಚಂದ್ರ ಮುಮುಕ್ಷುವು ತನ್ನ ಪುಣ್ಯಾಸ್ರವ ಕಥಾಕೋಶದಲ್ಲಿ ಭ್ರಾಜಿಷ್ಣುವಿನ ಆರಾಧನಾ ಕರ್ಣಾಟ ಟೀಕೆಯನ್ನು ಆಕರವಾಗಿ ಹೇಳಿದ ಮಾತು. ಎಂದೋ ಒಬ್ಬ ಸಂಸ್ಕೃತ ಕಥೆಗಾರನು ತನ್ನ ಋಣವನ್ನು ಒಂದು ಮಾತಿನಲ್ಲಿ ಒಪ್ಪಿಕೊಂಡದ್ದು ಶತಮಾನಗಳ ತರುವಾಯ ಕನ್ನಡದ ಚರಿತ್ರೆಗೆ ದೀಪವಾಯಿತು. ಇಂದು ನಾವು ಬರೆಯುವ ಒಂದು ಸಾಲಿನ ಋಣಸ್ಮರಣೆ ಯಾರಿಗೆ, ಯಾವಾಗ ಬೇಕಾಗುವುದೋ ಹೇಳಲಾಗದು.

ಒಂದು ಅಡಿಟಿಪ್ಪಣಿಯ ಕಥೆ

ಇನ್ನು ಹತ್ತಿರದ ಕಾಲಕ್ಕೆ ಬರೋಣ. ಧವಲಾ ಟೀಕೆಯ ತಾಡಪತ್ರ ಪ್ರತಿಗಳು ಉಳಿದುಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಹಳಗನ್ನಡ ಲಿಪಿಯ ಆ ಗರಿಗಳು ಬಹುಕಾಲ ದರ್ಶನದ ವಸ್ತುಗಳಾಗಿದ್ದವು, ಓದುವ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ, ಸೊಲ್ಲಾಪುರದ ಶ್ರಾವಕರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯ ಆರಂಭವಾಗಿ ವರ್ಷಾನುಗಟ್ಟಲೆ ನಡೆಯಿತು. ಆ ಪ್ರತಿಗಳೂ ಬಸದಿಯಲ್ಲೇ ಇರತಕ್ಕವು ಎಂಬ ಏರ್ಪಾಡಿತ್ತು. ಆದರೆ ಲಿಪಿಕಾರರ ಕಡೆಯಿಂದ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧವಾಯಿತು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಯ ಪ್ರತಿಗಳು ಹಲವೆಡೆ ಹರಡಿದವು.

ಇದು ಅಚೌರ್ಯದ ದೃಷ್ಟಿಯಿಂದ ನಮ್ಮನ್ನು ಕಷ್ಟಕ್ಕೆ ಸಿಲುಕಿಸುವ ಪ್ರಸಂಗ. ಕೊಡದಿದ್ದುದನ್ನು ತೆಗೆದುಕೊಂಡದ್ದು ಹೌದು. ಆ ಪ್ರತಿ ಹೊರಬಾರದಿದ್ದರೆ ಪರಮಾಗಮ ಲೋಕದ ಕೈಗೆ ಬರುವುದು ಇನ್ನೆಷ್ಟು ತಡವಾಗುತ್ತಿತ್ತೋ ಎಂಬುದೂ ಹೌದು. ಫಲ ಒಳ್ಳೆಯದಾದ್ದರಿಂದ ಕ್ರಿಯೆಯೂ ನಿರ್ದೋಷವೆಂದು ಹೇಳಲು ನಮ್ಮ ಧರ್ಮ ಅವಕಾಶ ಕೊಡುವುದಿಲ್ಲ. ಇದರ ತೀರ್ಮಾನವನ್ನು ಓದುಗರಿಗೆ ಬಿಡುತ್ತೇನೆ. ನನ್ನ ಗಮನವನ್ನು ಸೆಳೆಯುವುದು ಅದರ ನಂತರ ನಡೆದ ಸಂಗತಿ. ಅಮರಾವತಿಯಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ, ತಮಗೆ ದೊರೆತ ಪ್ರತಿಗಳು ಯಾವ ದಾರಿಯಿಂದ ಬಂದವೆಂಬ ಈ ಕಥೆಯನ್ನು ಪ್ರಸ್ತಾವನೆಯಲ್ಲಿ ಮರೆಮಾಚದೆ ಬರೆದರು. ತಾವು ಮೂಲ ತಾಡಪತ್ರಗಳನ್ನು ನೋಡಿಲ್ಲ, ಪ್ರತಿಯ ಪ್ರತಿಯನ್ನು ಆಧರಿಸಿದ್ದೇವೆ ಎಂಬುದು ಓದುಗರಿಗೆ ಮೊದಲೇ ತಿಳಿಯಿತು.

ಆ ಸಂಪುಟದಲ್ಲಿಯೇ ಇನ್ನೊಂದು ಪರೀಕ್ಷೆ ಕಾದಿತ್ತು. ಸತ್ಪ್ರರೂಪಣೆಯ 93ನೆಯ ಸೂತ್ರವು ಮಾನುಷಿಯರ ಗುಣಸ್ಥಾನಗಳನ್ನು ಕುರಿತದ್ದು. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಸೂತ್ರದಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದವಿರಲಿಲ್ಲ. ಆದರೆ ಕೆಳಗಿನ ಟೀಕೆಯನ್ನು ಓದಿದರೆ ಆ ಪದ ಇದ್ದಿರಲೇಬೇಕೆಂದು ತೋರುತ್ತಿತ್ತು. ಒಂದು ಪದ, ಮೂರು ಅಕ್ಷರ. ಆದರೆ ಸಿದ್ಧಾಂತದ ದೊಡ್ಡ ಚರ್ಚೆಯೊಂದು ಅದರ ಮೇಲೆ ನಿಂತಿತ್ತು. ಸಂಪಾದಕರು ಸದ್ದಿಲ್ಲದೆ ಅದನ್ನು ಸೂತ್ರದೊಳಗೆ ಸೇರಿಸಿಬಿಡಬಹುದಿತ್ತು. ಇಲ್ಲವೆ ಕಂಡೂ ಕಾಣದಂತೆ ಸುಮ್ಮನಿರಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ಇಲ್ಲಿ ಈ ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪ್ರತಿಯಲ್ಲಿರುವುದು ಯಾವುದು, ತಮ್ಮ ಊಹೆ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಇಟ್ಟರು.

ಇದರ ಮೇಲೆ ಸಮಾಜದಲ್ಲಿ ವರ್ಷಗಟ್ಟಲೆ ವಾದವಿವಾದಗಳಾದವು. ಮುಂದೆ ಮೂಡಬಿದಿರೆಯವರ ಸಹಕಾರದಿಂದ ತಾಡಪತ್ರಗಳೊಡನೆ ಪಾಠವನ್ನು ಹೋಲಿಸಿ ನೋಡಿದಾಗ ಆ ಪದ ಅಲ್ಲಿ ಇದ್ದದ್ದು ಕಂಡುಬಂತು. ಪ್ರತಿ ಮಾಡುವಾಗ ಬಿಟ್ಟುಹೋಗಿತ್ತು. ಸಂಪಾದಕರ ಊಹೆ ನಿಜವಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಊಹೆ ಸುಳ್ಳಾಗಿದ್ದರೂ ಅವರ ನಡೆ ಸರಿಯಾದದ್ದೇ ಆಗಿರುತ್ತಿತ್ತು. ಏಕೆಂದರೆ ಮೂಲಕ್ಕೆ ಹಿಂದಿರುಗುವ ದಾರಿಯನ್ನು ಅವರು ತೆರೆದಿಟ್ಟಿದ್ದರು. ಆಕರವನ್ನು ಹೇಳುವುದರ ಮರ್ಮವೆಲ್ಲ ಇದೇ. ಅದು ತಾನು ಎಷ್ಟು ಓದಿದ್ದೇನೆಂದು ತೋರಿಸುವ ಆಡಂಬರವಲ್ಲ. ತನ್ನನ್ನು ಪರೀಕ್ಷಿಸಿರೆಂದು ಓದುಗನ ಕೈಗೆ ಬೀಗದ ಕೈಯನ್ನು ಕೊಡುವುದು.

ಐದು ಅತಿಚಾರಗಳು

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ವ್ಯಾಪಾರಿಗಾಗಿ ಹೇಳಿದಂತೆ ಕಾಣುವ ಇವು ಬರಹಗಾರನಿಗೂ ಅಕ್ಷರಶಃ ಅನ್ವಯಿಸುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲನೆಯದು ಸ್ತೇನಪ್ರಯೋಗ, ಕಳವಿಗೆ ಇತರರನ್ನು ಪ್ರೇರಿಸುವುದು. ಹಣ ಕೊಟ್ಟು ಇನ್ನೊಬ್ಬರಿಂದ ಪ್ರಬಂಧ ಬರೆಸಿಕೊಂಡು ತನ್ನ ಹೆಸರಿನಲ್ಲಿ ಪದವಿ ಪಡೆಯುವವನೂ, ಬೇಗ ಮುಗಿಸು ಎಂದು ಮಗನನ್ನು ಆ ದಾರಿಗೆ ಹಚ್ಚುವ ತಂದೆಯೂ ಇದರಲ್ಲಿ ಬರುತ್ತಾರೆ. ಯಂತ್ರವೇ ಕ್ಷಣಮಾತ್ರದಲ್ಲಿ ಲೇಖನ ಬರೆದುಕೊಡುವ ಈ ದಿನಗಳಲ್ಲಿ ಬರೆಸಿಕೊಳ್ಳುವುದು ಸುಲಭವಾಗಿದೆ. ದೋಷ ಮಾತ್ರ ಹಗುರವಾಗಿಲ್ಲ.

ಎರಡನೆಯದು ತದಾಹೃತಾದಾನ, ಕದ್ದು ತಂದದ್ದನ್ನು ಕೊಳ್ಳುವುದು. ಒಬ್ಬರು ಮೂಲದಿಂದ ಎತ್ತಿದ್ದನ್ನು ನಾವು ಅವರಿಂದ ಎತ್ತಿಕೊಂಡು, ಮೂಲವನ್ನು ನೋಡದೆಯೇ ಮೂಲದ ಹೆಸರನ್ನು ಹಾಕುವುದು ಇದಕ್ಕೆ ಸಮೀಪದ್ದು. ನೋಡಿದ್ದು ಯಾವ ಗ್ರಂಥವೋ ಅದನ್ನೇ ಹೇಳಬೇಕು. ಇಂಥವರ ಗ್ರಂಥದಲ್ಲಿ ಉದ್ಧೃತವಾದಂತೆ ಎಂದು ಬರೆಯುವುದರಲ್ಲಿ ಕೀಳುತನವಿಲ್ಲ.

ಮೂರನೆಯದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರುವುದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಪ್ರಕಟಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಸಾಮ್ಯವು ಶೇಕಡಾ 10ನ್ನು ಮೀರಿ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆಕರವನ್ನು ಸರಿಯಾಗಿ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶೇಕಡಾ 10ರೊಳಗಿದ್ದರೆ ದಂಡವಿಲ್ಲ, ನಿಜ. ಆದರೆ ವ್ರತವು ಶೇಕಡಾವಾರು ಲೆಕ್ಕದಲ್ಲಿ ಪಾಲಿಸುವಂಥದಲ್ಲ.

ನಾಲ್ಕನೆಯದು ಹೀನಾಧಿಕಮಾನೋನ್ಮಾನ, ಅಳತೆ ತೂಕಗಳಲ್ಲಿ ಹೆಚ್ಚು ಕಡಮೆ ಮಾಡುವುದು. ಬೇರೆಯವರ ಮಾತನ್ನು ಉದ್ಧರಿಸುವಾಗ ತನಗೆ ಬೇಡವಾದ ಪದವನ್ನು ಬಿಡುವುದು, ಬೇಕಾದುದನ್ನು ಸೇರಿಸುವುದು, ಬಹುದಾಗಿ ಎಂದದ್ದನ್ನು ಖಂಡಿತವಾಗಿ ಎಂದು ಬರೆಯುವುದು ಇವೆಲ್ಲ ಕಳ್ಳ ತಕ್ಕಡಿ. ಮೇಲೆ ಹೇಳಿದ ಸಂಪಾದಕರು ಮೂರಕ್ಷರದ ತೂಕವನ್ನೂ ತಪ್ಪದೆ ನೋಡಿದುದನ್ನು ಇಲ್ಲಿ ನೆನೆಯಬೇಕು.

ಐದನೆಯದು ಪ್ರತಿರೂಪಕವ್ಯವಹಾರ, ಖೋಟಾ ವಸ್ತುವನ್ನು ಅಸಲೆಂದು ನಡೆಸುವುದು. ಇನ್ನೊಬ್ಬರ ವಾಕ್ಯದ ಪದಗಳನ್ನು ಬದಲಿಸಿ, ಕ್ರಮವನ್ನು ತಿರುಗಿಸಿ, ಹೊಸ ಬಣ್ಣ ಬಳಿದು ತನ್ನದೆಂದು ಚಲಾಯಿಸುವುದೇ ಇದು. ನಾನು ವಿದ್ಯಾರ್ಥಿದೆಸೆಯಲ್ಲಿ ಮಾಡಿದ್ದೂ ಇದನ್ನೇ. ಮಾತು ಬದಲಾದರೆ ಸಾಲದು. ವಿಚಾರ ಯಾರದೋ ಅವರ ಹೆಸರು ಇರಬೇಕು.

ನಮ್ಮ ಕರ್ತವ್ಯ

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದೆರಡು ವಿಜ್ಞಾಪನೆಗಳಿವೆ. ಶಾಸನಗಳ ವಿಷಯ ಬರೆಸುವಾಗ ಶಾಸನದ ಸಂಖ್ಯೆಯೊಡನೆ ಅದು ಯಾವ ಆವೃತ್ತಿಯ ಸಂಖ್ಯೆಯೆಂಬುದನ್ನೂ ನಮೂದಿಸಬೇಕು. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500 ಆಯಿತು. ಮೈಸೂರು ವಿಶ್ವವಿದ್ಯಾಲಯದ 1973ರ ಆವೃತ್ತಿಯಲ್ಲಿ 573. ಆವೃತ್ತಿಯನ್ನು ಹೇಳದೆ ಸಂಖ್ಯೆಯೊಂದನ್ನೇ ಬರೆದರೆ ಓದುಗನು ಬೇರೊಂದು ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ. ಹಾಗೆಯೇ ಸಂಚಿಕೆಯಲ್ಲಿ ಹಳೆಯ ಲೇಖನವನ್ನು ಪುನಃ ಪ್ರಕಟಿಸುವುದಾದರೆ ಲೇಖಕರ ಹೆಸರು, ಮೊದಲು ಪ್ರಕಟವಾದ ವರ್ಷ, ಸ್ಥಳಗಳನ್ನು ಮೊದಲ ಪುಟದಲ್ಲಿಯೇ ಹಾಕಬೇಕು. ಅವರ ಮನೆಯವರು ಇದ್ದರೆ ಅನುಮತಿ ಕೇಳಬೇಕು. ದಾನಿಗಳ ಪಟ್ಟಿಯಲ್ಲಿ ನೂರು ರೂಪಾಯಿ ಕೊಟ್ಟವರ ಹೆಸರನ್ನೂ ಬಿಡದೆ ಅಚ್ಚು ಹಾಕುವ ನಾವು, ಆಯುಷ್ಯವನ್ನೇ ಕೊಟ್ಟು ಶಾಸನಗಳನ್ನು ಓದಿದ ಪಂಡಿತರ ಹೆಸರನ್ನು ಬಿಡುವುದು ಎಷ್ಟು ಯೋಗ್ಯ?

ಮನೆಯ ಹಿರಿಯರಲ್ಲಿಯೂ ಒಂದು ಮಾತು. ಮಗ ಅಥವಾ ಮಗಳು ಪ್ರಬಂಧ ಬರೆಯುತ್ತಿದ್ದರೆ ಎಷ್ಟು ಪುಟವಾಯಿತೆಂದು ಕೇಳುವುದರ ಜತೆಗೆ, ಇದರಲ್ಲಿ ನಿನ್ನದು ಯಾವುದು, ಪಡೆದದ್ದು ಯಾವುದು ಎಂದೂ ಕೇಳಿರಿ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಸ್ತಕದ ಹೆಸರು, ಪುಟದ ಸಂಖ್ಯೆಗಳನ್ನು ಪಕ್ಕದಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿಸಿರಿ. ಇನ್ನೊಬ್ಬರ ಮಾತನ್ನು ಇದ್ದಂತೆಯೇ ಬರೆದುಕೊಂಡರೆ ಆ ಕ್ಷಣವೇ ಉದ್ಧರಣ ಚಿಹ್ನೆ ಹಾಕಲಿ. ಅನೇಕ ಕಳವುಗಳು ಕದಿಯಬೇಕೆಂಬ ಮನಸ್ಸಿನಿಂದ ಆಗುವುದಿಲ್ಲ. ತಿಂಗಳುಗಳ ಮೇಲೆ ತನ್ನ ಟಿಪ್ಪಣಿಯಲ್ಲಿ ತನ್ನ ಮಾತು ಯಾವುದು, ಪರರ ಮಾತು ಯಾವುದೆಂದು ತಿಳಿಯದೆ ಆಗುತ್ತವೆ. ಆದರೆ ನಮ್ಮ ಆಚಾರ್ಯರು ಪ್ರಮಾದವನ್ನು ಪಾಪದ ಹೊರಗೆ ಇಟ್ಟಿಲ್ಲ. ಹೇಳಬೇಕೋ ಬೇಡವೋ ಎಂಬ ಸಂದೇಹ ಬಂದ ಕಡೆ ಹೇಳಿಬಿಡುವುದೇ ಶ್ರೇಯಸ್ಕರ. ಹೇಳಿದ್ದರಿಂದ ಕಳೆದುಕೊಂಡವರಿಲ್ಲ.

ನನ್ನ ತಪ್ಪನ್ನು ತೋರಿಸಿಕೊಟ್ಟ ಆ ಪಂಡಿತರು ಈಗಿಲ್ಲ. ಮರುವರ್ಷದ ಸಂಚಿಕೆಯಲ್ಲಿ ನಾನು ಇಸವಿಯನ್ನು ತಿದ್ದಿ, ಮೂಲ ಲೇಖಕರ ಹೆಸರನ್ನು ಹೇಳಿ, ನಾಲ್ಕು ಸಾಲಿನ ಕ್ಷಮಾಯಾಚನೆಯನ್ನು ಪ್ರಕಟಿಸಿದೆ. ಅವರು ಅದನ್ನು ಓದಿ, “ಈಗ ಈ ನಾಲ್ಕು ಸಾಲು ನಿನ್ನದು” ಎಂದರು. ಆ ದಿನದಿಂದ ನಾನು ಬರೆದದ್ದು ಬಹಳವಿಲ್ಲ. ಬರೆದಷ್ಟರಲ್ಲಿ ನನ್ನದು ಎಲ್ಲಿ ಮುಗಿಯುತ್ತದೆ, ಪರರದು ಎಲ್ಲಿ ತೊಡಗುತ್ತದೆ ಎಂಬ ಗೆರೆಯನ್ನು ಅಳಿಸದಿರಲು ಪ್ರಯತ್ನಿಸಿದ್ದೇನೆ. ಗುರುವಿನ ಮೂರು ಶ್ಲೋಕಗಳ ಲೆಕ್ಕವನ್ನೂ ತಪ್ಪಿಸದ ಪರಂಪರೆಯಲ್ಲಿ ಹುಟ್ಟಿದ ನಮಗೆ ಇದು ಭಾರವಾದ ವ್ರತವಾಗಬಾರದು.